ನಾನು ಮೊಡವೆ ಎಂದು ತೋರಿಸಿದ್ದು: ಚರ್ಮದ ಗುರುತು ಮತ್ತು ಹೃದಯದ ಗಡ್ಡೆ

ಬೋಧನಾಭ್ಯಾಸದ ಪಾಠಯೋಜನೆಯಲ್ಲಿ ‘ನಿತ್ಯಜೀವನದ ಉದಾಹರಣೆ’ ಎಂದು ಒಂದು ಅಂಕಣ ಇರುತ್ತದೆ. ಅದನ್ನು ಖಾಲಿ ಬಿಟ್ಟರೆ ಅಂಕ ಹೋಗುತ್ತದೆ ಎಂಬುದು ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಗೂ ಗೊತ್ತು. ನಾನು ಬಿ.ಇಡಿ. ಓದುತ್ತಿದ್ದಾಗ ಯಲಹಂಕದ ಸಮೀಪದ ಒಂದು ಪ್ರೌಢಶಾಲೆಗೆ ಪಾಠ ಮಾಡಲು ಹೋಗಿದ್ದೆ. ಎಂಟನೆಯ ತರಗತಿ, ಊಟದ ನಂತರದ ಅವಧಿ. ಪಾಠ ಚರ್ಮದ ರಚನೆ ಮತ್ತು ಆರೈಕೆ. ತೈಲಗ್ರಂಥಿಯ ಚಿತ್ರ ಬರೆದು, ಗ್ರಂಥಿಯ ಬಾಯಿ ಮುಚ್ಚಿದರೆ ಮೊಡವೆ ಆಗುತ್ತದೆ ಎಂದು ಹೇಳಿದೆ. ಉದಾಹರಣೆ ಬೇಕಿತ್ತು. ಮೂರನೆಯ ಬೆಂಚಿನಲ್ಲಿ ಕುಳಿತಿದ್ದ ಹುಡುಗನ ಮೂಗಿನ ಎರಡೂ ಪಕ್ಕ, ಕೆನ್ನೆಯವರೆಗೆ, ಸಾಸಿವೆ ಕಾಳಿನಷ್ಟು ಸಣ್ಣ ಕೆಂಪು ಗುಳ್ಳೆಗಳು ತುಂಬಿದ್ದವು. ಅವನನ್ನು ಎಬ್ಬಿಸಿ ನಿಲ್ಲಿಸಿದೆ. ‘ನೋಡಿ, ದಿನಕ್ಕೆ ಎರಡು ಸಲ ಮುಖ ತೊಳೆಯದಿದ್ದರೆ, ಬೋಂಡ ಬಜ್ಜಿ ಜಾಸ್ತಿ ತಿಂದರೆ ಹೀಗಾಗುತ್ತೆ’ ಎಂದೆ. ತರಗತಿ ನಕ್ಕಿತು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮಾರ್ಗದರ್ಶಕರು ನನ್ನ ವೀಕ್ಷಣಾ ಪುಸ್ತಕದಲ್ಲಿ ‘ಜೀವಂತ ಉದಾಹರಣೆ ಬಳಸಿದ್ದಾರೆ, ಉತ್ತಮ’ ಎಂದು ಬರೆದರು.

ಮರುದಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅವನ ತಾಯಿ ಬಂದು ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ನಿಂತಿದ್ದರು. ಜಗಳ ಮಾಡಲು ಬಂದವರಲ್ಲ.

‘ಮಿಸ್, ನಿನ್ನೆ ನಮ್ಮ ಹುಡುಗನ್ನ ಎಬ್ಬಿಸಿ ನಿಲ್ಸಿದ್ರಂತೆ. ಅದು ಮೊಡವೆ ಅಲ್ಲ ಮಿಸ್.’

‘ಕೂತ್ಕೊಳ್ಳಿ ಅಮ್ಮ. ನನಗೆ ಗೊತ್ತಾಗಲಿಲ್ಲ’ ಎಂದೆ.

‘ಅವನು ಹುಟ್ಟಿದಾಗ ಡಾಕ್ಟ್ರು ಎದೆಗೆ ಕಿವಿ ಇಟ್ಟು ಏನೋ ಸದ್ದು ಬರ್ತಾ ಇದೆ ಅಂದ್ರು. ಎಕೋ ಮಾಡ್ಸಿದ್ರೆ ಹೃದಯದ ಒಳಗೆ ಮೂರು ಗಡ್ಡೆ. ಉಳಿಯಲ್ಲ ಅಂತ ಮನೆಯವರೆಲ್ಲ ಕೈ ಬಿಟ್ಟಿದ್ರು. ಇನ್ನೊಬ್ರು ಡಾಕ್ಟ್ರು ಬಟ್ಟೆ ಬಿಚ್ಚಿ, ಕತ್ತಲೆ ರೂಮಲ್ಲಿ ನೇರಳೆ ಲೈಟ್ ಹಾಕಿ ಮೈಯೆಲ್ಲ ನೋಡಿದ್ರು. ಬೆನ್ನ ಮೇಲೆ, ತೊಡೆ ಮೇಲೆ ಬಿಳಿ ಮಚ್ಚೆ ಇತ್ತು. ಅದನ್ನ ನೋಡೇ ಅವರು ಕಾಯಿಲೆ ಹೆಸರು ಹೇಳಿದ್ದು. ಗಡ್ಡೆ ಕರಗತ್ತೆ, ಭಯ ಪಡಬೇಡಿ, ಆದ್ರೆ ಫಿಟ್ಸ್ ಬರಬಹುದು, ನೋಡ್ಕೊಳ್ಳಿ ಅಂದ್ರು. ಹಾಗೇ ಆಯ್ತು. ಮುಖದ ಮೇಲೆ ಇದು ಬಂದಿದ್ದು ಆಮೇಲೆ, ನಾಲ್ಕು ವರ್ಷ ಆದ್ಮೇಲೆ.’

ಆ ಹುಡುಗ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಬಂದಾಗ ಮುಖಕ್ಕೆ ಪೌಡರ್ ಹಚ್ಚಿಕೊಂಡು ಬಂದಿದ್ದ.

ನಾನು ಈಗ ಪ್ರಶಿಕ್ಷಣಾರ್ಥಿಗಳಿಗೆ ಜೀವವಿಜ್ಞಾನ ಬೋಧನೆಯನ್ನು ಕಲಿಸುತ್ತೇನೆ. ಪ್ರತಿ ವರ್ಷ ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಶಾಲೆಗಳಿಗೆ ಪಾಠವೀಕ್ಷಣೆಗೆ ಹೋಗುತ್ತೇನೆ. ಆ ತಾಯಿ ಐದು ನಿಮಿಷದಲ್ಲಿ ಹೇಳಿದ್ದರಲ್ಲಿ ಅಂಗಾಂಶ, ಹೃದಯ, ಅನುವಂಶೀಯತೆ ಮೂರೂ ಪಾಠಗಳಿದ್ದವು. ಚರ್ಮದ ಮೇಲಿನ ಮಚ್ಚೆ ಹೃದಯದ ಒಳಗಿನ ಗಡ್ಡೆಯ ಸುಳಿವು ಹೇಗಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ಬಿಡಿಸಿ ಹೇಳಲು ಪ್ರಯತ್ನಿಸಿದ್ದೇನೆ. ಇದನ್ನು ತರಗತಿಗೆ ಒಯ್ಯುವುದಾದರೆ ಹೇಗೆ ಒಯ್ಯಬೇಕು, ಹೇಗೆ ಒಯ್ಯಬಾರದು ಎಂಬುದನ್ನೂ ಸೇರಿಸಿದ್ದೇನೆ.

ಮೊದಲಿಗೆ ಒಂದು ಮಾತು. ಗಡ್ಡೆ ಎಂದ ಕೂಡಲೇ ಕ್ಯಾನ್ಸರ್ ಎಂದು ಮಕ್ಕಳೂ ನಾವೂ ತಿಳಿಯುತ್ತೇವೆ. ಹೃದಯದಲ್ಲೇ ಹುಟ್ಟುವ ಗಡ್ಡೆಗಳು ಬಹಳ ಅಪರೂಪ, ಅವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹೃದಯ ಸ್ನಾಯುವಿನ ಕೋಶಗಳು ಹುಟ್ಟಿದ ನಂತರ ಬಹುಮಟ್ಟಿಗೆ ವಿಭಜನೆ ನಿಲ್ಲಿಸಿಬಿಡುತ್ತವೆ. ದಿನವೂ ಹೊಸ ಕೋಶ ತಯಾರಿಸುವ ಚರ್ಮ, ಕರುಳಿನ ಒಳಪದರಗಳಂಥ ಜಾಗಗಳಲ್ಲಿ ವಿಭಜನೆ ಹಳಿ ತಪ್ಪುವ ಅವಕಾಶ ಹೆಚ್ಚು, ಹೃದಯದಲ್ಲಿ ಕಡಿಮೆ. ‘ಹೃದಯಕ್ಕೆ ಕ್ಯಾನ್ಸರ್ ಯಾಕೆ ಬರಲ್ಲ ಮಿಸ್?’ ಎಂಬ ಪ್ರಶ್ನೆ ಪ್ರತಿ ಶಾಲೆಯಲ್ಲೂ ಬರುತ್ತದೆ. ‘ಬರುತ್ತೆ, ಆದರೆ ತುಂಬಾ ಅಪರೂಪ’ ಎಂದು ಹೇಳಿ ಈ ಕಾರಣವನ್ನು ಕೊಡಿ.

ಮಕ್ಕಳ ಹೃದಯದಲ್ಲಿ ಅತಿ ಹೆಚ್ಚಾಗಿ ಕಾಣುವ ಗಡ್ಡೆಯ ಹೆಸರು ರಾಬ್ಡೊಮಯೋಮಾ. ಇದು ಹೃದಯ ಸ್ನಾಯುವಿನದೇ ಗಡ್ಡೆ. ಗರ್ಭದಲ್ಲಿರುವಾಗಲೇ ಬೆಳೆಯುತ್ತದೆ, ಈಗಿನ ಸ್ಕ್ಯಾನಿಂಗ್‌ನಲ್ಲಿ ಎಷ್ಟೋ ಸಲ ಹುಟ್ಟುವ ಮೊದಲೇ ಕಾಣುತ್ತದೆ. ಒಂದಕ್ಕಿಂತ ಹೆಚ್ಚು ಗಡ್ಡೆ ಕಂಡರೆ ವೈದ್ಯರು ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯನ್ನು ಮೊದಲು ಅನುಮಾನಿಸುತ್ತಾರೆ. ಸುಮಾರು 6,000 ಜನನಗಳಲ್ಲಿ ಒಂದರಲ್ಲಿ ಇದು ಕಾಣುತ್ತದೆ ಎಂದು ಅಂದಾಜು. ಅಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದಲ್ಲಿ ಗಡ್ಡೆ ಇರುತ್ತದೆ.

ಈ ಕಾಯಿಲೆಯನ್ನು ಜನ ಗುರುತಿಸಿದ ಕಥೆ ಓದಿದಾಗ ನನಗೆ ಸ್ವಲ್ಪ ಸಮಾಧಾನವೂ ಆಯಿತು ಎಂದು ಒಪ್ಪಿಕೊಳ್ಳಬೇಕು. 1862ರಲ್ಲಿ ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸನ್ ಎಂಬ ವೈದ್ಯ, ಹುಟ್ಟಿ ತುಸು ಹೊತ್ತಿನಲ್ಲೇ ತೀರಿಕೊಂಡ ಮಗುವಿನ ಹೃದಯದಲ್ಲಿ ಗಡ್ಡೆಗಳನ್ನೂ ಮಿದುಳಿನಲ್ಲಿ ಗಟ್ಟಿಯಾದ ಭಾಗಗಳನ್ನೂ ಕಂಡು ಬರೆದಿಟ್ಟ. 1880ರಲ್ಲಿ ಪ್ಯಾರಿಸ್ಸಿನ ಬೂರ್ನ್‌ವಿಲ್, ಫಿಟ್ಸ್‌ನಿಂದ ನರಳಿ ತೀರಿಕೊಂಡ ಹುಡುಗಿಯ ಮಿದುಳಿನಲ್ಲಿ ಆಲೂಗಡ್ಡೆಯಂತೆ ಗಟ್ಟಿಯಾದ ಗಂಟುಗಳನ್ನು ನೋಡಿ ಕಾಯಿಲೆಗೆ ಹೆಸರಿಟ್ಟ. ಆ ಹುಡುಗಿಯ ಮೂಗು ಕೆನ್ನೆಗಳ ಮೇಲೆ ಗುಳ್ಳೆಗಳಿದ್ದುದನ್ನು ಅವನೂ ಬರೆದಿದ್ದಾನೆ, ಆದರೆ ಮಿದುಳಿಗೂ ಅದಕ್ಕೂ ಸಂಬಂಧವಿದೆ ಎಂದು ಅವನಿಗೆ ಹೊಳೆಯಲಿಲ್ಲ. 1890ರಲ್ಲಿ ಲಂಡನ್ನಿನ ಪ್ರಿಂಗಲ್ ಮುಖದ ಗುಳ್ಳೆಗಳನ್ನೇ ವಿವರವಾಗಿ ಬರೆದ. ಅವಕ್ಕೆ ಅಂಟಿಕೊಂಡ ಹೆಸರಿನ ಅರ್ಥ ತೈಲಗ್ರಂಥಿಯ ಗಡ್ಡೆ ಎಂದು. ಅದು ತಪ್ಪು. ಆ ಗುಳ್ಳೆಗಳಲ್ಲಿ ಇರುವುದು ಸಣ್ಣ ರಕ್ತನಾಳಗಳು ಮತ್ತು ನಾರಿನಂಥ ಸಂಯೋಜಕ ಅಂಗಾಂಶ, ಎಣ್ಣೆಗೂ ಅವಕ್ಕೂ ಸಂಬಂಧವಿಲ್ಲ. ಈಗ ಅವನ್ನು ಆಂಜಿಯೋಫೈಬ್ರೋಮಾ ಎನ್ನುತ್ತಾರೆ. 1908ರಲ್ಲಿ ಫೋಗ್ಟ್ ಎಂಬಾತ ಫಿಟ್ಸ್, ಬುದ್ಧಿಮಾಂದ್ಯ, ಮುಖದ ಗುಳ್ಳೆ ಮೂರನ್ನೂ ಒಂದೇ ಕಾಯಿಲೆಯ ಗುರುತುಗಳೆಂದು ಸೇರಿಸಿ ಹೇಳಿದ. ಬಿಳಿ ಮಚ್ಚೆಗಳು ಈ ಕಾಯಿಲೆಯ ಅತ್ಯಂತ ಮೊದಲ ಗೋಚರ ಚಿಹ್ನೆ ಎಂದು ಫಿಟ್ಸ್‌ಪ್ಯಾಟ್ರಿಕ್ ಎಂಬ ಚರ್ಮವೈದ್ಯ ಮತ್ತು ಸಂಗಡಿಗರು ಬರೆದದ್ದು 1968ರಲ್ಲಿ. ಅಂದರೆ ಹೃದಯ, ಮಿದುಳು, ಮುಖ, ಮೈಮೇಲಿನ ಮಚ್ಚೆ, ಇವೆಲ್ಲ ಒಂದೇ ದಾರದ ಮಣಿಗಳೆಂದು ತಿಳಿಯಲು ನೂರು ವರ್ಷ ಹಿಡಿಯಿತು. ನಾನು ಎಣ್ಣೆ ತಿಂಡಿಯ ಮೇಲೆ ಹಾಕಿದ ತಪ್ಪು ವೈದ್ಯರ ಪುಸ್ತಕದಲ್ಲೂ ಬಹುಕಾಲ ಅಚ್ಚಾಗಿತ್ತು. ಆದರೆ ಅವರು ಯಾರೂ ಹುಡುಗನನ್ನು ನಲವತ್ತೈದು ಮಕ್ಕಳ ಮುಂದೆ ನಿಲ್ಲಿಸಿರಲಿಲ್ಲ.

ಈಗ ಆ ಬಿಳಿ ಮಚ್ಚೆಯ ವಿಷಯ. ಇಂಗ್ಲಿಷ್ ಪುಸ್ತಕಗಳು ಅದನ್ನು ಆ್ಯಶ್ ಎಂಬ ಮರದ ಎಲೆಗೆ ಹೋಲಿಸುತ್ತವೆ. ಆ ಮರವನ್ನು ನಮ್ಮ ಮಕ್ಕಳು ನೋಡಿಲ್ಲ, ನಾನೂ ನೋಡಿಲ್ಲ. ನಾನು ಹೊಂಗೆ ಎಲೆ ಎನ್ನುತ್ತೇನೆ. ನಮ್ಮ ಕಡೆಯ ಬೀದಿಗಳಲ್ಲಿ, ಶಾಲೆಯ ಕಾಂಪೌಂಡಿನ ಪಕ್ಕದಲ್ಲಿ ಹೊಂಗೆ ಸಿಗದ ಜಾಗವಿಲ್ಲ. ಒಂದು ತುದಿ ದುಂಡಗೆ, ಇನ್ನೊಂದು ತುದಿ ಚೂಪು. ಕೆಲವು ಮಚ್ಚೆಗಳು ಹೀಗೆ ಎಲೆಯಾಕಾರದಲ್ಲಿದ್ದರೆ ಕೆಲವು ಬರಿ ಅಂಡಾಕಾರ, ಇನ್ನು ಕೆಲವು ಅಕ್ಕಿ ನುಚ್ಚು ಚೆಲ್ಲಿದಂತೆ. ಹುಟ್ಟಿದಾಗಲೇ ಅಥವಾ ಮೊದಲ ತಿಂಗಳುಗಳಲ್ಲಿ ಕಾಣುತ್ತವೆ. ಈ ಕಾಯಿಲೆಯಿರುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ಅವು ಇರುತ್ತವೆ. ಬೆಳ್ಳಗಿನ ಮೈಬಣ್ಣದ ಮಗುವಿನಲ್ಲಿ ಸುಲಭವಾಗಿ ಕಾಣುವುದಿಲ್ಲ, ಆದ್ದರಿಂದಲೇ ನೇರಳಾತೀತ ಬೆಳಕು ಬೀರುವ ವುಡ್ಸ್ ದೀಪ ಹಾಕಿ ನೋಡುತ್ತಾರೆ. ಆ ತಾಯಿ ಹೇಳಿದ ನೇರಳೆ ಲೈಟ್ ಅದೇ.

ನಮ್ಮಲ್ಲಿ ಮೈಮೇಲೆ ಬಿಳಿ ಕಂಡರೆ ಎರಡೇ ಮಾತು. ಮುಖದ ಮೇಲಾದರೆ ‘ಹೊಟ್ಟೇಲಿ ಹುಳ ಇದೆ’, ಬೇರೆಡೆ ಆದರೆ ‘ತೊನ್ನು’. ಎರಡನೆಯದು ಮದುವೆಯ ಮಾತುಕತೆಯನ್ನೇ ನಿಲ್ಲಿಸಬಲ್ಲ ಪದ. ಆದ್ದರಿಂದ ಈ ವ್ಯತ್ಯಾಸವನ್ನು ಹೇಳಿಕೊಡಲು ಹತ್ತು ನಿಮಿಷ ಕೊಟ್ಟರೂ ನಷ್ಟವಿಲ್ಲ. ತೊನ್ನಿನಲ್ಲಿ ಮೆಲನಿನ್ ತಯಾರಿಸುವ ಕೋಶಗಳೇ ನಾಶವಾಗಿರುತ್ತವೆ, ಹಾಗಾಗಿ ಸುಣ್ಣದಂಥ ಅಚ್ಚ ಬಿಳುಪು, ಹರಡಲೂಬಹುದು. ಟ್ಯೂಬರಸ್ ಸ್ಕ್ಲೆರೋಸಿಸ್‌ನ ಮಚ್ಚೆಯಲ್ಲಿ ಕೋಶಗಳಿವೆ, ಅವು ತಯಾರಿಸುವ ಮೆಲನಿನ್ ಕಡಿಮೆ. ಹಾಗಾಗಿ ಮಬ್ಬು ಬಿಳುಪು, ಇದ್ದಲ್ಲೇ ಇರುತ್ತದೆ. ಮಕ್ಕಳ ಕೆನ್ನೆಯ ಮೇಲೆ ಒಣಗಿದಂತೆ ಬರುವ ಸಾಮಾನ್ಯ ಬಿಳಿ ಕಲೆಗಳು ಇವೆರಡೂ ಅಲ್ಲ, ತಾವಾಗಿ ಹೋಗುತ್ತವೆ, ಹುಳಕ್ಕೂ ಅವಕ್ಕೂ ಸಂಬಂಧವಿಲ್ಲ. ಇನ್ನೊಂದನ್ನು ಒತ್ತಿ ಹೇಳಬೇಕು: ಆರೋಗ್ಯವಂತ ಮಕ್ಕಳಲ್ಲೂ ಒಂದು ಬಿಳಿ ಮಚ್ಚೆ ಇರಬಹುದು. ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕನಿಷ್ಠ 5 ಮಿಲಿಮೀಟರ್ ಅಗಲದ ಮೂರು ಅಥವಾ ಹೆಚ್ಚು ಮಚ್ಚೆಗಳಿದ್ದಾಗ, ಅದೂ ಬೇರೆ ಗುರುತುಗಳ ಜೊತೆ ಸೇರಿಸಿ ನೋಡಿ. ಸೊಂಟದ ಹಿಂಭಾಗದಲ್ಲಿ ಕಿತ್ತಳೆ ಸಿಪ್ಪೆಯಂತೆ ಒರಟಾದ ತುಸು ಉಬ್ಬಿದ ಚರ್ಮ, ಹದಿಹರೆಯದ ಮೇಲೆ ಉಗುರಿನ ಬುಡದಲ್ಲಿ ಏಳುವ ಮಾಂಸದ ಗುಳ್ಳೆ, ಇವೂ ಆ ಪಟ್ಟಿಯಲ್ಲಿವೆ.

ಹಾಗಾದರೆ ಚರ್ಮಕ್ಕೂ ಹೃದಯಕ್ಕೂ ಏನು ಸಂಬಂಧ? ಈ ಪ್ರಶ್ನೆಯನ್ನು ನನ್ನ ಪ್ರಶಿಕ್ಷಣಾರ್ಥಿಗಳಿಗೆ ಕೇಳಿದರೆ ಹತ್ತರಲ್ಲಿ ಎಂಟು ಮಂದಿ ‘ಹೃದಯ ಕೆಟ್ಟರೆ ರಕ್ತ ಕೆಡುತ್ತದೆ, ರಕ್ತ ಕೆಟ್ಟರೆ ಚರ್ಮಕ್ಕೆ ಬರುತ್ತದೆ’ ಎನ್ನುತ್ತಾರೆ. ಮನೆಯಿಂದ ತಂದ ಉತ್ತರ ಅದು. ಇಲ್ಲಿ ಹಾಗಿಲ್ಲ. ಹೃದಯದಿಂದ ಚರ್ಮಕ್ಕೆ ಏನೂ ಹರಿದು ಬಂದಿಲ್ಲ. ಎರಡಕ್ಕೂ ಮೂಲ ಒಂದೇ: 9ನೆಯ ಅಥವಾ 16ನೆಯ ವರ್ಣತಂತುವಿನ ಮೇಲಿರುವ ಒಂದು ಜೀನ್‌ನ ದೋಷ. ಆ ಎರಡು ಜೀನ್‌ಗಳು ತಯಾರಿಸುವ ಪ್ರೋಟೀನ್‌ಗಳು ಜೊತೆಗೂಡಿ ಕೋಶದ ಬೆಳವಣಿಗೆಗೆ ಬ್ರೇಕ್ ಹಾಕುತ್ತವೆ. ಬ್ರೇಕ್ ಸಡಿಲವಾದರೆ ಕೋಶ ದೊಡ್ಡದಾಗುತ್ತದೆ, ಸಂಖ್ಯೆ ಹೆಚ್ಚುತ್ತದೆ. ಮಗುವಿನ ಎಲ್ಲ ಕೋಶಗಳಲ್ಲೂ ಆ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿರುತ್ತದೆ. ಉಳಿದ ಒಂದು ಪ್ರತಿ ಸಾಮಾನ್ಯವಾಗಿ ಕೆಲಸ ನಡೆಸಿಕೊಂಡು ಹೋಗುತ್ತದೆ. ಯಾವುದೋ ಒಂದು ಕೋಶದಲ್ಲಿ ಆ ಎರಡನೆಯ ಪ್ರತಿಯೂ ಕೆಟ್ಟರೆ ಅಲ್ಲಿ ಒಂದು ಗಡ್ಡೆ ಏಳುತ್ತದೆ. ಮೈಯೆಲ್ಲ ಒಂದೇ ಸಮನಾಗಿರದೆ ಅಲ್ಲೊಂದು ಇಲ್ಲೊಂದು ಯಾಕೆ ಎಂಬುದಕ್ಕೆ ಇದು ವಿವರಣೆ. ಎರಡು ಬ್ರೇಕ್ ಇರುವ ಸೈಕಲ್ಲಿನ ಉದಾಹರಣೆ ಇಲ್ಲಿ ಚೆನ್ನಾಗಿ ಕೂರುತ್ತದೆ: ಒಂದು ತಂತಿ ತುಂಡಾಗಿದ್ದರೂ ಸೈಕಲ್ ನಿಲ್ಲುತ್ತದೆ, ಎರಡೂ ಹೋದರೆ ಇಳಿಜಾರಿನಲ್ಲಿ ಗೊತ್ತಾಗುತ್ತದೆ.

ಈ ದೋಷ ತಂದೆ ಅಥವಾ ತಾಯಿಯಲ್ಲಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಆದರೆ ಸುಮಾರು ಮೂರನೆಯ ಎರಡು ಭಾಗದಷ್ಟು ಮಕ್ಕಳಲ್ಲಿ ಇದು ಹೊಸದಾಗಿ ಆದ ಬದಲಾವಣೆ, ತಂದೆತಾಯಿ ಇಬ್ಬರಲ್ಲೂ ಇರುವುದಿಲ್ಲ. ಆ ದಿನ ಸಿಬ್ಬಂದಿ ಕೊಠಡಿಯಲ್ಲಿ ತಾಯಿ ಹೇಳಿದ ಕೊನೆಯ ಮಾತು ಇದಕ್ಕೆ ಸೇರಿದ್ದು. ಬಸುರಿಯಿದ್ದಾಗ ಗ್ರಹಣದ ದಿನ ಅವರು ನೀರು ಹಿಡಿಯಲು ಹೊರಗೆ ಹೋಗಿದ್ದರಂತೆ. ಮಗನ ಮೈಮೇಲಿನ ಮಚ್ಚೆ ಅದರಿಂದಲೇ ಬಂತು ಎಂದು ಅತ್ತೆಮನೆಯಲ್ಲಿ ಹನ್ನೆರಡು ವರ್ಷದಿಂದ ಅನ್ನಿಸಿಕೊಂಡಿದ್ದರು. ಅನುವಂಶೀಯತೆಯ ಪಾಠದಲ್ಲಿ ಬಟಾಣಿ ಗಿಡದ ಎತ್ತರ ಕುಬ್ಜ ಮುಗಿಸಿ ಹೊರಡುವ ಮೊದಲು, ಜೀನ್‌ನಲ್ಲಿ ಹೊಸ ಬದಲಾವಣೆ ಯಾರ ತಪ್ಪೂ ಇಲ್ಲದೆ ಆಗುತ್ತದೆ ಎಂಬ ಒಂದು ವಾಕ್ಯ ಸೇರಿಸಿದರೆ ಅದು ಯಾವ ಮನೆಗೆ ತಲುಪುತ್ತದೋ ಹೇಳಲಾಗದು.

ಶಿಕ್ಷಕರಾಗಿ ನಾವು ತಿಳಿದಿರಬೇಕಾದ ಇನ್ನೊಂದು ಸಂಗತಿ ಕಾಲಕ್ಕೆ ಸಂಬಂಧಿಸಿದ್ದು. ಹೃದಯದ ಗಡ್ಡೆ ಅತಿ ದೊಡ್ಡದಾಗಿರುವುದು ಹುಟ್ಟುವ ಆಸುಪಾಸಿನಲ್ಲಿ. ಆಮೇಲೆ ಹೆಚ್ಚಿನವು ಕುಗ್ಗುತ್ತಾ ಬಂದು ಎಷ್ಟೋ ಮಕ್ಕಳಲ್ಲಿ ಕಾಣದಂತಾಗುತ್ತವೆ. ರಕ್ತದ ಹರಿವಿಗೆ ಅಡ್ಡವಾದರೆ ಅಥವಾ ಬಡಿತದ ಲಯ ತಪ್ಪಿಸಿದರೆ ಮಾತ್ರ ಚಿಕಿತ್ಸೆ ಬೇಕಾಗುತ್ತದೆ. ಮುಖದ ಗುಳ್ಳೆಗಳು ಇದಕ್ಕೆ ವಿರುದ್ಧ. ಸಾಮಾನ್ಯವಾಗಿ ಮೂರು ನಾಲ್ಕು ವರ್ಷದ ನಂತರ ಶುರುವಾಗಿ ಹದಿಹರೆಯದಲ್ಲಿ ಹೆಚ್ಚುತ್ತವೆ. ಹೃದಯದ ಗುರುತು ಅಳಿಯುವ ಹೊತ್ತಿಗೆ ಮುಖದ ಗುರುತು ಮೂಡುತ್ತದೆ. ಆದ್ದರಿಂದ ಬಿಳಿ ಮಚ್ಚೆಯಿಂದ ಹೃದಯಕ್ಕೆ ಹೋಗುವ ದಾರಿ ಮುಖ್ಯವಾಗಿ ಮಕ್ಕಳ ವೈದ್ಯರದು, ಹಸುಗೂಸಿನ ಕಾಲದ್ದು. ಪ್ರೌಢಶಾಲೆಯ ಶಿಕ್ಷಕರು ಮುಖದ ಗುಳ್ಳೆ ನೋಡುವ ವೇಳೆಗೆ ಹೃದಯ ಬಹುಶಃ ಸರಿಹೋಗಿರುತ್ತದೆ. ಆಗ ಗಮನ ಕೊಡಬೇಕಾದದ್ದು ಬೇರೆ: ಫಿಟ್ಸ್, ಕಲಿಕೆಯ ತೊಡಕು, ಸ್ವಲೀನತೆ, ಮುಂದೆ ಮೂತ್ರಪಿಂಡದ ಗಡ್ಡೆಗಳು. ಪಾಠದ ಮಧ್ಯೆ ಕೆಲವು ಕ್ಷಣ ಶೂನ್ಯವನ್ನು ನೋಡುತ್ತಾ ಕೂರುವ ಮಗುವನ್ನು ನಾವು ‘ಕನಸು ಕಾಣ್ತಿದ್ದೀಯಾ’ ಎಂದು ಗದರುತ್ತೇವೆ. ಅದೂ ಒಂದು ಬಗೆಯ ಫಿಟ್ಸ್ ಇರಬಹುದು. ಇದೇ ಕಾಯಿಲೆಯಿದ್ದೂ ಚೆನ್ನಾಗಿ ಓದಿ ಕೆಲಸದಲ್ಲಿರುವವರೂ ಇದ್ದಾರೆ ಎಂಬುದನ್ನು ಮರೆಯಬಾರದು. ಫೋಗ್ಟ್ ಹೇಳಿದ ಮೂರೂ ಗುರುತು ಎಲ್ಲರಲ್ಲೂ ಇರುವುದಿಲ್ಲ.

ಈ ಬ್ರೇಕಿನ ಕೆಲಸ ಅರ್ಥವಾದದ್ದರಿಂದ ಔಷಧಿಯೂ ಸಿಕ್ಕಿದೆ. ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದ ಸಿರೋಲಿಮಸ್ ಮತ್ತು ಅದರ ಸೋದರ ಔಷಧಿ ಎವರೋಲಿಮಸ್, ಕೋಶ ಬೆಳೆಯುವ ಅದೇ ದಾರಿಯನ್ನು ತಡೆಯುತ್ತವೆ. ಸಿರೋಲಿಮಸ್ ಅನ್ನು ಮುಖದ ಗುಳ್ಳೆಗಳಿಗೆ ಹಚ್ಚುವ ಮುಲಾಮಿನ ರೂಪದಲ್ಲೂ ಬಳಸುತ್ತಾರೆ. ಸೋಪಿನಿಂದ ಅವು ಹೋಗುವುದಿಲ್ಲ.

ಇನ್ನು ದೊಡ್ಡವರ ಹೃದಯದ ಗಡ್ಡೆ. ಅವರಲ್ಲಿ ಹೃದಯದಲ್ಲೇ ಹುಟ್ಟುವ ಗಡ್ಡೆಗಳ ಪೈಕಿ ಹೆಚ್ಚು ಕಾಣುವುದು ಮಿಕ್ಸೋಮಾ. ಲೋಳೆಯಂತೆ ಮೆತ್ತಗಿನ ಇದು ಹೆಚ್ಚಾಗಿ ಎಡ ಹೃತ್ಕರ್ಣದಲ್ಲಿ, ಎರಡು ಹೃತ್ಕರ್ಣಗಳ ನಡುವಿನ ಗೋಡೆಗೆ ತೊಟ್ಟಿನಿಂದ ಜೋತುಬಿದ್ದಿರುತ್ತದೆ. ಬಡಿತದೊಂದಿಗೆ ತೂಗಾಡುತ್ತಾ ಕವಾಟದ ಬಾಯಿಗೆ ಬಂದು ಅಡ್ಡ ನಿಲ್ಲುತ್ತದೆ. ಕುಳಿತರೆ ಉಸಿರು ಸಿಕ್ಕಿಕೊಂಡು ಮಲಗಿದರೆ ಸರಿಹೋಗುವಂಥ ವಿಚಿತ್ರ ಲಕ್ಷಣಗಳು ಇದರಿಂದಲೇ. ಕವಾಟ ಕಿರಿದಾಗುವ ರುಮ್ಯಾಟಿಕ್ ಕಾಯಿಲೆಯಂತೆ ಇದು ಕಾಣಬಹುದು. ಹತ್ತನೆಯ ತರಗತಿಯ ಹೃದಯದ ಚಿತ್ರದಲ್ಲಿ ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಯ ನಡುವಿನ ಕವಾಟವನ್ನು ಮಕ್ಕಳು ಗುರುತಿಸುತ್ತಾರೆ, ಆದರೆ ಕವಾಟ ಮುಚ್ಚಿಹೋದರೆ ರಕ್ತ ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ‘ಇಲ್ಲೊಂದು ದ್ರಾಕ್ಷಿ ತೂಗುಬಿಟ್ಟರೆ?’ ಎಂದು ಚಿತ್ರದಲ್ಲೇ ಬರೆದು ಕೇಳಿ ನೋಡಿ. ಶ್ವಾಸಕೋಶದ ಕಡೆ ರಕ್ತ ಕಟ್ಟಿಕೊಳ್ಳುತ್ತದೆ, ಉಸಿರು ಕಟ್ಟುತ್ತದೆ ಎಂಬ ಉತ್ತರಕ್ಕೆ ಅವರೇ ಬರುತ್ತಾರೆ.

ಇಲ್ಲಿ ಚರ್ಮಕ್ಕೆ ಎರಡು ದಾರಿಗಳಿವೆ, ಅವು ಬೇರೆ ಬೇರೆ. ಮೊದಲನೆಯದರಲ್ಲಿ ಗಡ್ಡೆಯ ಚೂರುಗಳು ನಿಜವಾಗಿಯೂ ಕಳಚಿ ರಕ್ತದೊಂದಿಗೆ ಹೊರಡುತ್ತವೆ. ಎಡ ಹೃತ್ಕುಕ್ಷಿಯಿಂದ ಮಹಾಪಧಮನಿಗೆ, ಅಲ್ಲಿಂದ ಮೈಯ ಯಾವ ಮೂಲೆಗಾದರೂ. ಮಿದುಳಿಗೆ ಹೋದರೆ ಪಾರ್ಶ್ವವಾಯು. ಚರ್ಮದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡರೆ ಬೆರಳ ತುದಿಯಲ್ಲಿ, ಅಂಗಾಲಿನಲ್ಲಿ ನೋಯುವ ಕೆಂಪು ನೇರಳೆ ಚುಕ್ಕೆ, ಉಗುರಿನ ಕೆಳಗೆ ಸಿಬಿರು ಚುಚ್ಚಿದಂಥ ಗೆರೆ, ಕಾಲಿನ ಮೇಲೆ ಬಲೆಯಂತೆ ನೀಲಿಗಟ್ಟಿದ ಗುರುತು. ಹೃದಯದ ಒಳಪದರದ ಸೋಂಕಿನಲ್ಲೂ ಇದೇ ಬಗೆಯ ಚುಕ್ಕೆಗಳು ಬರುತ್ತವೆ, ಆದ್ದರಿಂದ ಚುಕ್ಕೆ ನೋಡಿ ಯಾರೂ ತೀರ್ಮಾನಕ್ಕೆ ಬರುವುದಿಲ್ಲ, ಎಕೋ ಮಾಡಿಸುತ್ತಾರೆ.

ಎರಡನೆಯ ದಾರಿ ಮತ್ತೆ ಜೀನ್‌ನದು. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿದ್ದ ಐಡನ್ ಕಾರ್ನಿ ಎಂಬ ರೋಗಶಾಸ್ತ್ರಜ್ಞ 1985ರಲ್ಲಿ ಕೆಲವು ರೋಗಿಗಳ ವಿವರಗಳನ್ನು ಜೋಡಿಸಿ ನೋಡಿದ. ಹೃದಯದ ಮಿಕ್ಸೋಮಾ, ತುಟಿ, ಕಣ್ಣಿನ ಸುತ್ತ ಮತ್ತು ಕಣ್ಣಿನ ಒಳಮೂಲೆಯಲ್ಲಿ ಚಿಮುಕಿಸಿದಂಥ ಕಂದು ಕಪ್ಪು ಚುಕ್ಕೆಗಳು, ಹಾರ್ಮೋನ್ ಗ್ರಂಥಿಗಳ ಅತಿಚಟುವಟಿಕೆ, ಇವು ಒಂದೇ ವ್ಯಕ್ತಿಯಲ್ಲಿ, ಒಂದೇ ಕುಟುಂಬದಲ್ಲಿ ಬರುತ್ತಿದ್ದವು. ಈಗ ಅದಕ್ಕೆ ಕಾರ್ನಿ ಕಾಂಪ್ಲೆಕ್ಸ್ ಎಂದೇ ಹೆಸರು. 17ನೆಯ ವರ್ಣತಂತುವಿನ ಒಂದು ಜೀನ್‌ನ ದೋಷ ಬಹಳ ಮಂದಿಯಲ್ಲಿ ಕಾರಣ ಎಂದು 2000ದಲ್ಲಿ ತಿಳಿಯಿತು. ಸಾಮಾನ್ಯ ಮಿಕ್ಸೋಮಾ ನಡುವಯಸ್ಸಿನ ನಂತರ, ಒಂದೇ ಒಂದು, ತೆಗೆದರೆ ಮುಗಿಯಿತು. ಕಾರ್ನಿ ಕುಟುಂಬಗಳಲ್ಲಿ ಅದು ಚಿಕ್ಕ ವಯಸ್ಸಿನಲ್ಲೇ, ಹೃದಯದ ಯಾವ ಕೋಣೆಯಲ್ಲಾದರೂ, ಒಂದಕ್ಕಿಂತ ಹೆಚ್ಚು ಬರಬಹುದು, ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಹುಟ್ಟಬಹುದು. ಅದಕ್ಕೇ ಅಂಥವರಿಗೆ ವರ್ಷಕ್ಕೊಮ್ಮೆ ಎಕೋ ಮಾಡಿಸಲು ಹೇಳುತ್ತಾರೆ. ತುಟಿಯ ಮೇಲಿನ ಚುಕ್ಕೆಯನ್ನು ಕಂಡವರು ಹೃದಯವನ್ನೂ ನೋಡಿಸಿದರೆ ಪಾರ್ಶ್ವವಾಯು ಬರುವ ಮೊದಲೇ ಗಡ್ಡೆ ತೆಗೆಯಬಹುದು. ನಮ್ಮ ನಿಮ್ಮ ಮೈಮೇಲಿನ ಮಚ್ಚೆಗಳಿಗೆ ಇದರ ಸಂಬಂಧವಿಲ್ಲ ಎಂಬುದನ್ನು ತರಗತಿಯಲ್ಲಿ ಎರಡು ಸಲ ಹೇಳಿ. ಇಲ್ಲದಿದ್ದರೆ ಸಂಜೆಯೊಳಗೆ ಮಕ್ಕಳು ಒಬ್ಬರ ಮಚ್ಚೆ ಇನ್ನೊಬ್ಬರು ಎಣಿಸಿ ಮನೆಯಲ್ಲಿ ಅಳುತ್ತಾರೆ.

ಎಕೋ ಎಂಬ ಪರೀಕ್ಷೆ ಇಲ್ಲದ ಕಾಲದಲ್ಲಿ ಈ ಗಡ್ಡೆಗಳು ಹೆಚ್ಚಾಗಿ ಪತ್ತೆಯಾಗುತ್ತಿದ್ದುದು ಶವಪರೀಕ್ಷೆಯಲ್ಲಿ. 1953ರಲ್ಲಿ ಸ್ವೀಡನ್ನಿನ ಎಡ್ಲರ್ ಮತ್ತು ಹರ್ಟ್ಸ್ ಶ್ರವಣಾತೀತ ಶಬ್ದದಿಂದ ಬಡಿಯುವ ಹೃದಯವನ್ನು ನೋಡಿದರು. ಮರುವರ್ಷ ಅದೇ ದೇಶದ ಕ್ರಾಫೋರ್ಡ್ ಮಿಕ್ಸೋಮಾವೊಂದನ್ನು ಯಶಸ್ವಿಯಾಗಿ ತೆಗೆದ. ಶಬ್ದದ ಪಾಠದಲ್ಲಿ ಪ್ರತಿಧ್ವನಿಗೆ ಬಾವಿಯ ಉದಾಹರಣೆ ಕೊಡುವವರು ಇದನ್ನೂ ಕೊಡಬಹುದು.

ತರಗತಿಯಲ್ಲಿ ನಾನು ಈಗ ಮಾಡಿಸುವುದು ಹೀಗೆ. ಕಂದು ಕಾಗದದಲ್ಲಿ ಮಗುವಿನ ಮೈಯ ಬಾಹ್ಯರೇಖೆ ಕತ್ತರಿಸಿ, ಅದರ ಮೇಲೆ ಹೊಂಗೆ ಎಲೆಯಾಕಾರದ ಮಬ್ಬು ಬಿಳಿ ಕಾಗದ ಅಂಟಿಸುತ್ತೇವೆ. ಒಂದು ಗುಂಪಿಗೆ ಒಂದೇ ಮಚ್ಚೆಯ ಮಗು, ಇನ್ನೊಂದಕ್ಕೆ ಐದು ಮಚ್ಚೆಯ ಮಗು, ಮತ್ತೊಂದಕ್ಕೆ ಐದು ಮಚ್ಚೆಯ ಜೊತೆ ‘ಎದೆಯಲ್ಲಿ ಸದ್ದು’ ಎಂಬ ಚೀಟಿ. ಇಷ್ಟರಿಂದ ಏನು ಹೇಳಬಹುದು, ಏನು ಹೇಳಲಾಗದು ಎಂದು ಎರಡು ಕಾಲಂ ಬರೆಯಬೇಕು. ಎರಡನೆಯ ಕಾಲಂ ಉದ್ದವಾಗಿದ್ದರೆ ಪಾಠ ಚೆನ್ನಾಗಿ ನಡೆದಿದೆ ಎಂದು ನನ್ನ ಲೆಕ್ಕ. ತರಗತಿಯ ಯಾವ ಮಗುವಿನ ಮೈಯೂ ಬೋಧನೋಪಕರಣವಾಗಬಾರದು. ಕಪ್ಪುಹಲಗೆ ಇದೆ, ಕಾಗದ ಇದೆ, ತೀರಾ ಬೇಕಾದರೆ ಶಿಕ್ಷಕರ ಕೈಯ ಮಚ್ಚೆ ಇದೆ. ಈ ಕಾರಣಕ್ಕೆ ಒಬ್ಬ ಪ್ರಶಿಕ್ಷಣಾರ್ಥಿಯ ಪಾಠವನ್ನು ಕಳೆದ ವರ್ಷ ಅರ್ಧದಲ್ಲಿ ನಿಲ್ಲಿಸಿದೆ. ಅವರಿಗೆ ನನ್ನ ಮೇಲೆ ಇನ್ನೂ ಬೇಸರವಿದೆ.

ಮಗುವೊಂದರ ಮೈಮೇಲೆ ಏನಾದರೂ ಗಮನಕ್ಕೆ ಬಂದರೆ ಕಾಯಿಲೆಯ ಹೆಸರು ಹೇಳುವುದು ನಮ್ಮ ಕೆಲಸವಲ್ಲ. ಬರೆದಿಡಿ, ತರಗತಿ ಶಿಕ್ಷಕರಿಗೂ ಮುಖ್ಯೋಪಾಧ್ಯಾಯರಿಗೂ ತಿಳಿಸಿ, ಪೋಷಕರನ್ನು ಬೇರೆಯಾಗಿ ಕೂರಿಸಿ ‘ಡಾಕ್ಟರಿಗೆ ಒಮ್ಮೆ ತೋರಿಸಿದ್ದೀರಾ?’ ಎಂದಷ್ಟೇ ಕೇಳಿ. ಎಷ್ಟೋ ಸಲ ನನಗಾದಂತೆ ಅವರಿಗೆ ನಮಗಿಂತ ಹೆಚ್ಚು ಗೊತ್ತಿರುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ತಪಾಸಣೆಗೆ ಬರುತ್ತದೆ, ಆ ದಿನ ಅವರಿಗೆ ಹೇಳಬಹುದು. ಯಲಹಂಕ ಕಡೆಯ ಮನೆಗಳಿಗೆ ಜಯದೇವ, ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಎಲ್ಲವೂ ಊರಿನ ಆ ತುದಿ. ಹೋಗಿಬರುವುದಕ್ಕೆ ಒಂದು ದಿನದ ಕೂಲಿ ಹೋಗುತ್ತದೆ. ಹಾಜರಾತಿಯಲ್ಲಿ ಗೈರು ಕಂಡಾಗ ಇದೂ ನೆನಪಿರಲಿ.

ಈ ವರ್ಷ ಹೆಬ್ಬಾಳದ ಒಂದು ಶಾಲೆಯಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು ಒಂಬತ್ತನೆಯ ತರಗತಿಗೆ ಅಂಗಾಂಶಗಳ ಪಾಠದಲ್ಲಿ ಈ ಕಾಗದದ ಮಗುವನ್ನು ಬಳಸಿದರು. ಕೊನೆಯಲ್ಲಿ ಒಬ್ಬ ಹುಡುಗಿ ಎದ್ದು, ‘ಮಿಸ್, ಗಡ್ಡೆ ಕರಗತ್ತೆ ಅಂದ್ರಲ್ಲ, ಕರಗಿ ಎಲ್ಲಿಗೆ ಹೋಗತ್ತೆ?’ ಎಂದಳು. ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದರು. ನಾನು ನೋಟವನ್ನು ಪುಸ್ತಕಕ್ಕೆ ತಿರುಗಿಸಿದೆ. ಅವರು ಕಪ್ಪುಹಲಗೆಯ ಮೇಲೆ ಸಣ್ಣ ಹೃದಯದಲ್ಲಿ ಒಂದು ಚುಕ್ಕೆ, ಪಕ್ಕದಲ್ಲಿ ದೊಡ್ಡ ಹೃದಯದಲ್ಲಿ ಅದಕ್ಕಿಂತ ಚಿಕ್ಕ ಚುಕ್ಕೆ ಬರೆದರು. ಹುಟ್ಟಿದ ಮೇಲೆ ಆ ಕೋಶಗಳು ವಿಭಜನೆ ನಿಲ್ಲಿಸುತ್ತವೆ, ಕ್ರಮೇಣ ಸಾಯುತ್ತವೆ, ಸತ್ತ ಕೋಶಗಳನ್ನು ಮೈ ತಾನೇ ತೆಗೆದು ಹಾಕುತ್ತದೆ, ಅಷ್ಟರಲ್ಲಿ ಸುತ್ತಲಿನ ಹೃದಯ ದೊಡ್ಡದಾಗಿ ಬೆಳೆದಿರುತ್ತದೆ ಎಂದು ಹೇಳಿದರು. ಹುಡುಗಿ ‘ಹಂಗಾದ್ರೆ ಮುಖದ್ದು ಯಾಕೆ ಹೋಗಲ್ಲ?’ ಎಂದಳು. ಗಂಟೆ ಹೊಡೆಯಿತು. ಚರ್ಮದ ಕೋಶಗಳು ಆಯುಷ್ಯವಿಡೀ ವಿಭಜನೆ ಆಗುತ್ತಲೇ ಇರುತ್ತವಲ್ಲ, ಅಲ್ಲಿಂದ ಹಿಡಿದು ಯೋಚಿಸಿಕೊಂಡು ನಾಳೆ ಬನ್ನಿ ಎಂದು ಅವರು ಮನೆಗೆಲಸ ಕೊಟ್ಟರು.